ತ್ರೀಫೇಸ್ ಬರುವ ಹೊತ್ತು

ಶೋಭಿತಾಳ ಬಾಯಿ ಜೋರು ಅಂತ ಮಳವಳ್ಳಿಯ ನಮ್ಮ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರೆ. ಪಕ್ಕದ ಮೇಜಿನ ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಗದ್ದೆ ಕೆಲಸದ ಚಿಕ್ಕಬೋರಯ್ಯನವರ ಮಗಳು, ಡಿಪ್ಲೊಮಾ ಓದಿ ನಮ್ಮಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ರೈತರ ವರದಿಗಳೆಲ್ಲ ದಿನಾ ಬೆಳಗ್ಗೆ ಹತ್ತಕ್ಕೆ ಮಂಡ್ಯದ ಸರ್ವರ್‌ಗೆ ಬ್ಯಾಕಪ್ ಆಗಬೇಕು. ಒಂದು ಗಂಟೆಯ ಕೆಲಸ. ಒಂದು ವಾರ ಸರಾಗವಾಗಿ ಹೋದರೆ ಮರುವಾರ ದಿನವೂ ಅರ್ಧದಲ್ಲೇ ಸಂಪರ್ಕ ಕಡಿಯುತ್ತಿತ್ತು. ಮ್ಯಾನೇಜರ್ ಶಶಿಧರ್ ಎಲ್ಲರನ್ನೂ ಕರೆದು ನಿಲ್ಲಿಸಿ, "ಈ ಯಮ್ಮ ಕೆಲ್ಸ ಬರ್ದೆ ಏನೇನೋ ಒತ್ತಿ ಕೆಡುಸ್ತಾವ್ಳೆ" ಎಂದರು. ತಪ್ಪೊಪ್ಪಿಗೆ ಪತ್ರ ಮುಂದಿಟ್ಟು, ಶನಿವಾರದೊಳಗೆ ಸಹಿ ಹಾಕದಿದ್ದರೆ ಕೆಲಸ ಬಿಡು ಎಂದರು.

"ಮಾಡ್ದಿರೋ ತಪ್ಗೆ ಸೈನ್ ಆಕಲ್ಲ ಸಾರ್. ಅದ್ಯಾಕ್ ಕಟ್ಟಾಯ್ತದೆ ಅಂತ ತೋರುಸ್ತೀನಿ" ಎಂದಳು ಶೋಭಿತಾ. ಸಹಿ ಹಾಕಿಬಿಡೇ ಎಂದು ನಾನೇ ಗೋಗರೆದೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಕೇಬಲ್ ಬದಲಿಸಿದಳು. ಬೇರೆ ಕಂಪ್ಯೂಟರಿನಿಂದ ಕಳಿಸಿ ನೋಡಿದಳು. ಸಂಪರ್ಕ ಕಡಿದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತ ಹೋದಳು: ಎಲ್ಲವೂ ಹತ್ತೂವರೆ. ಶುಕ್ರವಾರ ಅದೇ ಹೊತ್ತಿಗೆ ಹಿಂದಿನ ಕಬ್ಬಿನ ಗದ್ದೆಗಳಿಂದ ಪಂಪ್‌ಸೆಟ್ಟುಗಳ ಸದ್ದು ಕೇಳಿತು. ತಕ್ಷಣ ಅವ್ವ ಪಟ್ಟಲಮ್ಮನಿಗೆ ಫೋನ್ ಮಾಡಿದಳು.

"ಪಂಪ್‌ಸೆಟ್ಗೆ ತ್ರೀಫೇಸ್ ಕರೆಂಟು ಎಷ್ಟೊತ್ಗವ್ವ ಬರೋದು?"

"ಈ ವಾರ ಅತ್ತೂವರೆ ಕಣಮ್ಮ. ಮುಂದಿನ್ವಾರ ಮದ್ಯಾನ್ಕೆ."

ಗದ್ದೆಗಳಿಗೂ ನಮಗೂ ಒಂದೇ ಟ್ರಾನ್ಸ್‌ಫಾರ್ಮರ್. ಕರೆಂಟು ಬಂದೊಡನೆ ತಾವಾಗೇ ಓಡಲಿ ಎಂದು ರೈತರು ಆಟೋ ಸ್ಟಾರ್ಟರ್ ಹಾಕಿಟ್ಟ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜು ಕುಸಿಯುತ್ತಿತ್ತು. ಕಂಪ್ಯೂಟರುಗಳು ಯುಪಿಎಸ್ ಮೇಲಿದ್ದವು. ಇಂಟರ್‌ನೆಟ್ಟಿನ ರೂಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿತ್ತು. ಯಾಕೆಂದರೆ ಯುಪಿಎಸ್‌ನಲ್ಲಿದ್ದ ಅದನ್ನು ಕಿತ್ತು, ಆ ಜಾಗಕ್ಕೆ ಶಶಿಧರ್ ಸಾಹೇಬರು ತಮ್ಮ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದರು!

ಶನಿವಾರ ಹತ್ತೂವರೆಗೆ ಶೋಭಿತಾ ಎಲ್ಲರನ್ನೂ ರೂಟರಿನ ಮುಂದೆ ನಿಲ್ಲಿಸಿದಳು. ಹಿಂದೆ ಮೋಟರುಗಳು ಗುರ್ರೆಂದವು. ರೂಟರಿನ ದೀಪಗಳು ಆರಿ, ಮತ್ತೆ ಹೊತ್ತಿಕೊಂಡವು. ಅವಳು ಚಾರ್ಜರ್ ಕಿತ್ತು ಶಶಿಧರ್ ಕೈಗೆ ಕೊಟ್ಟಳು, ರೂಟರನ್ನು ಯುಪಿಎಸ್‌ಗೆ ಹಾಕಿದಳು.

"ಆಯ್ತು ಬುಡಮ್ಮ" ಎಂದು ಅವರು ಪತ್ರ ಹರಿದರು.

"ಆಗ್ನಿಲ್ಲ ಸಾರ್. ಎಲ್ರ ಮುಂದೆ ಅಂದ್ರಿ. ಎಲ್ರ ಮುಂದೇನೆ ತಪ್ಪಾಯ್ತು ಅನ್ನಿ."

ಶಶಿಧರ್ ನೆಲ ನೋಡಿಕೊಂಡು "ತಪ್ಪಾ..." ಎಂದು ಗೊಣಗಿದರು.

"ಅರ್ದಕ್ಕೇ ಕಟ್ಟಾಯ್ತು ಸಾರ್" ಎಂದಳು ಶೋಭಿತಾ. "ಮೊದ್ಲಿಂದ ಹೇಳಿ."