ಆರನೆಯ ಕೆಂಪು ದಾರ

ಮೋಟಾರು ಸುತ್ತುವ ಕಸುಬಿನಲ್ಲಿ ಕೈ ಪಳಗಿದವರು ನಮ್ಮ ನಡುವೆ ಅನೇಕರಿದ್ದಾರೆ; ಆದರೆ ತುಂಡು ತಂತಿಗಳನ್ನು ಸೇರಿಸುವ ಕೆಲಸಕ್ಕೆ ಮಾನ ತಂದುಕೊಟ್ಟವರು ಯಾರೆಂದರೆ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಹೆಸರು, ಕೆಂಪುದಾರದಕ್ಕ. ಮೂವತ್ತೆಂಟು ವರ್ಷಗಳ ಸೇವೆಯ ಬಳಿಕ ಸುರುಳಿ ಸುತ್ತುವ ಕೋಣೆಯಿಂದ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಜೋಡಣೆಯೆಂದರೆ ನಾಚಿಕೆಗೇಡು. ತಂತಿ ಸಾಲದಾದಾಗ ಹೇಗೋ ತಿರುಚಿ, ಒಳಗೆ ತುರುಕಿ, ಏನೂ ಆಗದವರಂತೆ ಇದ್ದುಬಿಡುತ್ತಿದ್ದರು. ಅಕ್ಕ ಅದಕ್ಕೊಂದು ಕ್ರಮ ತಂದರು. ತಂತಿಯ ಮೇಲಿನ ಎನಾಮಲ್ ಕೆರೆದು, ಸ್ಲೀವ್ ಎಂಬ ನಿರೋಧಕ ಕೊಳವೆ ಏರಿಸಿ, ತುದಿಗಳನ್ನು ಹೆಣೆದು ಬೆಸುಗೆ ಹಾಕಬೇಕು. ಸ್ಲೀವನ್ನು ಬೆಸುಗೆಯ ಮೇಲೆಳೆದು ಕೆಂಪು ದಾರ ಕಟ್ಟಬೇಕು. ಜೋಡಣೆ ಸುರುಳಿ ಕೂರುವ ಕಬ್ಬಿಣದ ಸಂದಿನೊಳಗೆ ಬೀಳದೆ, ಹೊರಗೆ ಉಳಿಯುವ ಸುರುಳಿಯ ಬಾಗಿನಲ್ಲಿ ಕಣ್ಣಿಗೆ ಕಾಣಬೇಕು. "ನಾಳೆ ಬಿಚ್ಚೋರಿಗೆ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದರು. ಮೊದಲೇ ಸ್ಲೀವ್ ಏರಿಸಲು ಮರೆತು, ಬೆಸುಗೆ ಹಾಕಿ, ಆಮೇಲೆ ತಲೆ ಚಚ್ಚಿಕೊಂಡವರಲ್ಲಿ ತಾವೂ ಒಬ್ಬರೆಂದು ನಗುತ್ತಿದ್ದರು. ಮುರಿದ ಕನ್ನಡಕದ ಕಾಲಿಗೂ ಅವರು ಕಟ್ಟಿದ್ದು ಕೆಂಪು ದಾರವೇ.

ಇಪ್ಪತ್ತೆರಡು ವರ್ಷಗಳ ಹಿಂದೆ ಊರಿನ ನೀರೆತ್ತುವ ಮೋಟಾರು ಸುಟ್ಟು ಬಂತು. ತಂತಿಯ ಹೊಸ ರೀಲು ಬಂದಿರಲಿಲ್ಲ. ಕೊನೆಯ ಸುರುಳಿಗೆ ಉಳಿದಿದ್ದದ್ದು ಏಳು ತುಂಡು. ಅದನ್ನು ಸುತ್ತಿದ ಕೆಲಸಗಾರನ ನೌಕರಿ ಆ ವಾರ ಕಾಯಂ ಆಗಬೇಕಿತ್ತು. ಮನೆಯಲ್ಲಿ ಹೆಂಡತಿ ತುಂಬು ಗರ್ಭಿಣಿ. ಲೆಕ್ಕ ತಪ್ಪಿ ಒಂದು ಬೆಸುಗೆ ಸಂದಿನೊಳಗೇ ಬಿತ್ತು. ಬಿಚ್ಚಿದರೆ ಇಡೀ ದಿನ ಹಾಳು. ಅವನು ದಾರ ಕಟ್ಟದೆ ಅದನ್ನು ಒತ್ತಿ, ಮೇಲೆ ಸಂದು ಮುಚ್ಚುವ ಬಿದಿರಿನ ಪಟ್ಟಿ ಬಡಿದುಬಿಟ್ಟ.

ವಾರ್ನಿಷ್‌ಗೆ ಅದ್ದುವ ಮುನ್ನ ಅಕ್ಕ ಬೆರಳಿಟ್ಟು ಎಣಿಸಿದರು. "ಏಳು ತುಂಡಿಗೆ ಆರು ಬೆಸುಗೆ. ದಾರ ಐದೇ ಇದೆಯಲ್ಲಪ್ಪ."

ಅಷ್ಟರಲ್ಲಿ ಎಂಜಿನಿಯರ್ ಬಾಗಿಲಲ್ಲಿ ನಿಂತು, "ಮುಗೀತಾ ಅಕ್ಕ?" ಎಂದರು.

"ನನ್ನ ಕೋಣೇಲಿ ಒಂದು ತಪ್ಪಾಗಿದೆ ಸಾರ್. ನಾಳೆ ಸಂಜೆಗೆ ಕೊಡ್ತೀನಿ."

ಊರಿಗೆ ಒಂದು ದಿನ ನೀರು ತಡವಾಯಿತು. ಬೈಗುಳವನ್ನೆಲ್ಲ ಅಕ್ಕನೇ ಹೊಟ್ಟೆಗೆ ಹಾಕಿಕೊಂಡರು. ಯಾರದು ತಪ್ಪೆಂದು ಬಾಯಿ ಬಿಡಲಿಲ್ಲ. ಅವನ ಎದುರು ಸ್ಟೂಲು ಎಳೆದುಕೊಂಡು, "ಬಿಚ್ಚು. ಇಬ್ಬರಿದ್ರೆ ಬೇಗ ಆಗುತ್ತೆ" ಎಂದಷ್ಟೇ ಹೇಳಿದರು. ಅವನ ನೌಕರಿ ಕಾಯಂ ಆಯಿತು.

ಕಳೆದ ತಿಂಗಳು ಅದೇ ಮೋಟಾರು ಬೇರಿಂಗ್ ಸವೆದು ನಮ್ಮ ಮೇಜಿಗೆ ಮರಳಿತು. ಸುರುಳಿಗಳಿಗೆ ಏನೂ ಆಗಿರಲಿಲ್ಲ. ವಾರ್ನಿಷ್‌ನಲ್ಲಿ ಕಪ್ಪಾದ ದಾರಗಳ ಮೇಲೆ ಅಕ್ಕ ಬೆರಳಾಡಿಸಿ, "ಆರೂ ಇದೆ" ಎಂದು ಕನ್ನಡಕ ಸರಿಪಡಿಸಿಕೊಂಡರು. ನಮ್ಮ ಕೋಣೆ ಅಂದು ಪಟ್ಟ ಹೆಮ್ಮೆ ಅಷ್ಟಿಷ್ಟಲ್ಲ.

ಅಕ್ಕ ನೂರು ವರ್ಷ ಬಾಳಲಿ. ಮನೆಯಲ್ಲಿ ಕೈ ಸುಮ್ಮನಿರದಾಗ ನಮ್ಮ ಕೋಣೆಗೆ ಬಂದು ದಾರ ಎಣಿಸುತ್ತಿರಲಿ. ಆ ಬೆಸುಗೆಯನ್ನು ಮುಚ್ಚಿಟ್ಟವನು ಯಾರೆಂದು ಅವರು ಇಂದಿಗೂ ಯಾರಿಗೂ ಹೇಳಿಲ್ಲ. ಅವನು ಈ ಲೇಖನ ಬರೆದವನೇ. ನಾಳೆ ಬಿಚ್ಚುವವರಿಗೆ ಗೊತ್ತಾಗಲೆಂದು ಇಲ್ಲಿ ದಾರ ಕಟ್ಟಿದ್ದಾನೆ.