ಮೋತ್ಯಾನ ಪಥ್ಯ

ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ: ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ನಾಯಿಗೆ, ನಿನ್ನೆಯ ತಂಗಳು ರೊಟ್ಟಿ ನನಗೆ.

ನನಗೆ ಹಲ್ಲು ಬಂದಾಗಿನಿಂದ ಆ ಮೊದಲ ರೊಟ್ಟಿ ನನ್ನದಾಗಿತ್ತು, ಒಲೆಯ ಪಕ್ಕದ ಮಣೆಯೂ ನನ್ನದಾಗಿತ್ತು. ತಂಗಳನ್ನು ಮುರಿದು, ಮಜ್ಜಿಗೆಯಲ್ಲಿ ನೆನೆಸಿ ನಾಯಿಗೆ ಹಾಕುವುದು ಆಗಿನ ರೂಢಿ. ಲೋಕ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ನಮ್ಮ ಮೋತ್ಯಾ ತುರಿಸಿಕೊಳ್ಳತೊಡಗಿದ. ಎಂಥ ತುರಿಕೆ ಅಂತೀರಿ! ಅವನು ಶುರು ಹಚ್ಚಿಕೊಂಡರೆ ಗಜೇಂದ್ರಗಡದ ಗುಡ್ಡದ ಮೇಲೆ ಕೋಟೆಯ ಕಲ್ಲುಗಳು ಅಲುಗಾಡುತ್ತಿದ್ದವು. ತಿಂದದ್ದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಅಪ್ಪ ಪೇಟೆಯಿಂದ ನಾಯಿಯ ಆಹಾರದ ಪಾಕೀಟು ತಂದ. ಅದರ ಮೇಲಿನ ನಾಯಿ ಆಧಾರ್ ಕಾರ್ಡಿನಲ್ಲಿರುವ ನನಗಿಂತ ಚಂದ ನಗುತ್ತಿತ್ತು. ಮೋತ್ಯಾ ತಿಂದು, ಎಲ್ಲವನ್ನೂ ಅಪ್ಪನ ಚಪ್ಪಲಿಯ ಮೇಲೆ ವಾಪಸ್ ಕೊಟ್ಟ. ಕಡೆಗೆ ಬೈಕಿನ ಮೇಲೆ ರೋಣದ ದನದ ದವಾಖಾನೆಗೆ ಒಯ್ದೆವು. ನನಗೆ ಜ್ವರ ಬಂದಾಗ ದಾರಿಯ ಒಂದು ತಗ್ಗನ್ನೂ ಬಿಡದೆ ಹಾರಿಸಿದ್ದ ಅಪ್ಪ, ಅಂದು ಎಮ್ಮೆಗಳಿಗೂ ದಾರಿ ಬಿಡುತ್ತ ಮೆಲ್ಲಗೆ ಹೋದ.

ಡಾಕ್ಟರು ಹೇಳಿದರು: “ಇದರ ಹೊಟ್ಟಿ ಭಾಳ ನಾಜೂಕ ಐತ್ರಿ. ಹಾಲು, ಮಜ್ಜಿಗಿ, ಬಿಸ್ಕೀಟು, ತಂಗಳಾ ಎಲ್ಲಾ ಬಂದ್ ಮಾಡ್ರಿ. ಆಗಿಂದಾಗ ಮಾಡಿದ ಜ್ವಾಳದ ರೊಟ್ಟಿ, ಕುದಿಸಿದ ಹೆಸರಬ್ಯಾಳಿ, ಕುಂಬಳಕಾಯಿ ಅಷ್ಟ. ಉಪ್ಪಿಲ್ಲ, ಖಾರಿಲ್ಲ. ತುರಿಕಿ ನಿಂತ ಮ್ಯಾಲೆ ಒಂದೊಂದ ಹಾಕಿ ನೋಡೂಣು.”

ಅಂದಿನಿಂದ ಮನೆಯಲ್ಲಿ ಮೋತ್ಯಾನದೇ ದರ್ಬಾರು. ಅಜ್ಜಿ ರೊಟ್ಟಿಯನ್ನು ಊದಿ ಆರಿಸಿ, “ಉಣ್ಣೋ ನನ್ನಪ್ಪಾ” ಎಂದು ಉಣಿಸುತ್ತಿದ್ದಳು. ಅವನ ಹೊಟ್ಟೆ ಸರಿಹೋಯಿತೆಂದು ಓಣಿಗೆಲ್ಲ ಹೇಳುವಾಗ ಅವ್ವನಿಗಿದ್ದ ಹೆಮ್ಮೆ ನನ್ನ ಹತ್ತನೇ ಇಯತ್ತೆಯ ಫಲಿತಾಂಶಕ್ಕೂ ಇರಲಿಲ್ಲ. ಮಿಕ್ಕ ತಂಗಳನ್ನು ಚೆಲ್ಲುವಂತಿಲ್ಲವಲ್ಲ, ಅದು ನನ್ನ ತಾಟಿಗೆ ಬಂತು. ಅಣ್ಣತಮ್ಮಂದಿರ ಮತ್ಸರ, ಸವತಿಯರ ಮತ್ಸರ ಎಲ್ಲವೂ ಪುರಾಣಗಳಲ್ಲಿವೆ. ಬಾಲವಿರುವ ದಾಯಾದಿಯ ವಿಷಯದಲ್ಲಿ ಮಾತ್ರ ಯಾವ ಋಷಿಯೂ ನನ್ನನ್ನು ಎಚ್ಚರಿಸಿರಲಿಲ್ಲ.

ಹೀಗಾಗಿ ಒಂದು ಮುಂಜಾನೆ ನಾನೂ ತುರಿಸಿಕೊಂಡೆ. ಮೊದಲು ಮೊಣಕೈ, ಆಮೇಲೆ ಕುತ್ತಿಗೆ, ಕಡೆಗೆ ಕಂಬಕ್ಕೆ ಬೆನ್ನು ಕೊಟ್ಟು ಉಜ್ಜಿದೆ. ಮೋತ್ಯಾನೇ ತಲೆ ವಾರೆ ಮಾಡಿ ನೋಡಿದ. ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕರಗಿಹೋದಳು. “ಅಯ್ಯ ಶಿವನ, ಕೂಸಿಗೂ ಹತ್ತೇತಲ್ಲೋ! ಬಾರೋ ಯಪ್ಪಾ, ಬಿಸಿ ರೊಟ್ಟಿ ಕೊಡ್ತೀನಿ.”

ಮಣೆಯ ಮೇಲೆ ಕುಳಿತೆ. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಕೈ ಚಾಚಿದೆ. ಹಿತ್ತಲಿನಿಂದ ಅವ್ವ ಒಳಗೆ ಬಂದಳು.

“ಏನಾಗೇತಿ ಇವಗ?”

“ತುರಿಕಿಬೇ. ಥೇಟ್ ಮೋತ್ಯಾನಂಗ.”

ಅವ್ವ ನನ್ನ ಮೊಣಕೈ ತಿರುಗಿಸಿ ನೋಡಿದಳು. ನಗಲಿಲ್ಲ. ಅದೇ ಭಯಂಕರ. “ಹೌದಾ? ಹಂಗಾರ ಡಾಕ್ಟರು ಹೇಳಿದ ಪಥ್ಯಾನ ಇವಗೂ ಹಾಕ್ರಿ ಅತ್ತಿ. ಚಟ್ನಿ, ಮೊಸರು ಆ ಕಡೆ ಸರಸ್ರಿ.”

ಬಿಸಿ ರೊಟ್ಟಿ ಸಿಕ್ಕಿತು. ಜೊತೆಗೆ ಉಪ್ಪಿಲ್ಲದ ಬೇಳೆ, ಸಪ್ಪನೆಯ ಕುಂಬಳಕಾಯಿ. ಅವ್ವ ಎದುರಿಗೆ ಕುಳಿತು ನನ್ನ ಪಾಲಿನ ತಂಗಳು ರೊಟ್ಟಿಯನ್ನು ಎಳೆದುಕೊಂಡಳು. ಅದರ ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು, ಬದಿಗೆ ಗುದ್ದಿದ ಉಳ್ಳಾಗಡ್ಡಿ. ಕಟಕ್ ಎಂದು ಮುರಿದು ಬಾಯಿಗಿಟ್ಟಳು.

ಮೋತ್ಯಾ ತನ್ನ ತಾಟು ಬಿಟ್ಟು ಬಂದು ನನ್ನ ಪಕ್ಕ ಕುಳಿತ. ಇಬ್ಬರೂ ಅವಳ ಬಾಯನ್ನೇ ನೋಡಿದೆವು.