ಪರದೆಯ ಹಿಂದಿನಿಂದ ಬಂದ ಮಾತು

ಕಾಫಿ ಹಣ್ಣು ಬಿಸಿಲಿಗೆ ಒಣಗುವಾಗ ಏಳುವ ಆ ಹುಳಿ ಬೆರೆತ ಸಿಹಿವಾಸನೆ ನಿಮ್ಮಲ್ಲಿ ಕೆಲವರಿಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದರೆ ಸಾಕು, ಗಾಳಿಬೀಡಿನ ನಮ್ಮ ಮನೆಯ ಕಣ, ಅಲ್ಲಿ ಪಂಚೆ ಎತ್ತಿಕಟ್ಟಿ ಕಾಲಿನಿಂದಲೇ ಹಣ್ಣು ಮಗುಚುತ್ತ ನಡೆಯುವ ಚಿಕ್ಕಪ್ಪ ಕಣ್ಣಮುಂದೆ ಬರುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಊರ ಶಾಲೆಯಲ್ಲಿ ನಾಟಕ ಆಡಿಸುತ್ತಿದ್ದವರು ಅವರೇ. ಹೆಣ್ಣುಮಕ್ಕಳು ವೇಷ ಹಾಕುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಇದೊಂದು ಸಲ ನೋಡೋಣ, ಚೆನ್ನಾಗಿ ಆಡಿದರೆ ಮುಂದೆಯೂ ಆಡಲಿ ಎಂದು ಅವರನ್ನು ಒಪ್ಪಿಸಿದವರೂ ಚಿಕ್ಕಪ್ಪನೇ. ನನಗೋ ನಾಟಕವೆಂದರೆ ಜೀವ.

ನನ್ನದು ರಾಜನ ಮಗಳ ಪಾತ್ರ. ಶತ್ರುಗಳಿಗೆ ಕೋಟೆಯ ಬಾಗಿಲು ತೆರೆದವರು ಯಾರೆಂದು ರಾಜ ಕೇಳಿದಾಗ ‘ನಾನು’ ಎನ್ನಬೇಕು. ಆ ಒಂದು ಮಾತಿಗಾಗಿ ಚಿಕ್ಕಪ್ಪ ನನ್ನನ್ನು ಕಣದುದ್ದಕ್ಕೂ ನಡೆಸಿದರು. ಹೆಜ್ಜೆಗೊಂದು ಪದದಂತೆ ಹಿಂದಿನ ಮಾತುಗಳನ್ನೆಲ್ಲ ಹೇಳುತ್ತ ಹಣ್ಣು ಮಗುಚಬೇಕು, ರಾಜನ ಪ್ರಶ್ನೆ ಬಂದ ಕೂಡಲೇ ನಿಲ್ಲಬೇಕು. ಅವಸರಪಟ್ಟು ಬಾಯಿ ತೆರೆದರೆ ಮತ್ತೆ ಮೊದಲಿನಿಂದ. “ಜನ ಕಾಯೊಕು. ಅವ್ಕೆ ತಡೆಯಕ್ಕಾಗದಷ್ಟು ಹೊತ್ತು ನೀ ಸುಮ್ಮನಿರೊಕು,” ಎನ್ನುತ್ತಿದ್ದರು. ಆ ಮೌನವನ್ನು ನಾನು ಕಾಲಿನಲ್ಲೇ ಕಲಿತೆ.

ನಾಟಕದ ಸಂಜೆ ಅಪ್ಪ ಮುಂದಿನ ಬೆಂಚಿನಲ್ಲಿದ್ದರು. ರಾಜ ಕೇಳಿದ. ನಾನು ನಿಂತೆ. ಕೆಮ್ಮುತ್ತಿದ್ದವರು ಕೆಮ್ಮು ತಡೆದರು, ಅಳುತ್ತಿದ್ದ ಮಗುವನ್ನು ಯಾರೋ ಎದೆಗವಚಿಕೊಂಡರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದಾರೆಂದು ತಿಳಿದು ಮೈ ಜುಮ್ಮೆಂದಿತು. ಇನ್ನೇನು ಹೇಳಬೇಕು, ಅಷ್ಟರಲ್ಲಿ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತಿದ್ದ ಚಿಕ್ಕಪ್ಪ, “ನಾನು, ನಾನು ಅಂತ ಹೇಳ್,” ಎಂದು ಕೂಗಿಬಿಟ್ಟರು. ಹಿಂದಿನ ಬೆಂಚಿಗೂ ಕೇಳಿಸಿತು. ಇಡೀ ಶಾಲೆ ಗೊಳ್ಳೆಂದು ನಕ್ಕಿತು.

ಅವರು ಹೆದರಿದ್ದರು, ಅಷ್ಟೇ. ಅದನ್ನು ನಾನು ಅಂದೇ ಕ್ಷಮಿಸುತ್ತಿದ್ದೆ. ಆದರೆ ಮನೆಗೆ ಬಂದ ಮೇಲೆ ಅಪ್ಪ ಏನಾಯಿತೆಂದು ಕೇಳಿದಾಗ ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. “ಕೂಸಿಗೆ ಮಾತ್ ಮರ್ತೋತ್. ನಾ ಹೇಳಿಕೊಡದಿದ್ದರೆ ಮಾನ ಹೋಗ್ತಿತ್ತ್,” ಎಂದರು. ದೊಡ್ಡವರಿಗೆ ಎದುರಾಡುವ ಮನೆ ನಮ್ಮದಲ್ಲ. ಇನ್ನು ನಾಟಕ ಸಾಕು ಎಂದರು ಅಪ್ಪ. ಕಲಿಸಿದವರೇ ಕೈಬಿಟ್ಟರಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಆರಿಲ್ಲ.

ಆ ಕಥೆಯನ್ನು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿದರು. ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಹೇಳಿದರು. ಹೊಸ ನೆಂಟರ ಎದುರು ನಾನೂ ನಕ್ಕೆ. ಹೇಳುತ್ತ ಹೇಳುತ್ತ ಅವರೇ ಅದನ್ನು ನಂಬಿಬಿಟ್ಟಿದ್ದರೇನೋ. ಅಪ್ಪ ಹೋದರು, ಚಿಕ್ಕಪ್ಪ ಹೋದರು, ಮನೆಯೂ ಬೇರೆಯವರ ಪಾಲಾಯಿತು. ನಾನು ಮರೆತಿರಲಿಲ್ಲ ಎಂದು ಈಗ ಗಟ್ಟಿಯಾಗಿಯೇ ಹೇಳಬಹುದು. ಕೇಳಬೇಕಾದವರು ಯಾರೂ ಉಳಿದಿಲ್ಲ.